ಮನೆ ಬಿಡುವ ಮಾತು

ಮನೆ ಕಟ್ಟುವವರಿಗೆ ಸಲಹೆ ಕೊಡುವ ಜನ ಬಹಳ. ಮನೆ ಬಿಡುವವರಿಗೆ ಸಲಹೆ ಕೊಡುವವರು ಕಡಿಮೆ. ಈಚಿನ ವರ್ಷಗಳಲ್ಲಿ ನಮ್ಮ ಸಮಾಜದ ಅನೇಕ ಕುಟುಂಬಗಳಲ್ಲಿ ಒಂದೇ ಬಗೆಯ ಪ್ರಶ್ನೆ ಏಳುತ್ತಿದೆ. ಮಕ್ಕಳು ಓದಿ ದೊಡ್ಡ ನಗರ ಸೇರಿದ್ದಾರೆ. ಅಲ್ಲಿಯ ಹೊರವಲಯದಲ್ಲಿ, ಹಗಲಿರುಳು ಕಾವಲಿರುವ ಬಡಾವಣೆಯಲ್ಲಿ, ಕೈತೋಟವುಳ್ಳ ಮನೆಯನ್ನು ಕೊಂಡಿದ್ದಾರೆ. ಊರಲ್ಲಿ ಉಳಿದ ತಂದೆತಾಯಿಗಳನ್ನು ‘ಬಂದುಬಿಡಿ’ ಎಂದು ಕರೆಯುತ್ತಿದ್ದಾರೆ. ಹೋಗಬೇಕೋ, ಇರಬೇಕೋ? ಆಲಮೇಲದ ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಬಹುಕಾಲ ಪಡಸಾಲೆಯಲ್ಲಿ ಬಂದು ಕುಳಿತಿತ್ತು. ಅದನ್ನು ತೂಗಿ ನೋಡಿದ ಬಗೆಯನ್ನೂ, ತೂಗುವಾಗ ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇನೆ. ಯಾರಿಗಾದರೂ ಉಪಯೋಗವಾದರೆ ಸಂತೋಷ.

ನಾನು ಹತ್ತನೆಯ ವಯಸ್ಸಿಗೆ ಮಠ ಸೇರಿದವನು. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಎರಡು ಜೊತೆ ಬಟ್ಟೆ, ಇಷ್ಟೇ ನನ್ನ ಆಸ್ತಿ. 1972ರ ಬರಗಾಲದಲ್ಲಿ ಬಿಜಾಪುರ ಜಿಲ್ಲೆಯ ಎಷ್ಟೋ ಮನೆಗಳ ಒಲೆ ಆರಿದಾಗ ನಮ್ಮಂಥ ಬಾಲಕರ ಹೊಟ್ಟೆ ತಣ್ಣಗಿಟ್ಟದ್ದು ಮಠದ ಪಂಕ್ತಿ. ಅಲ್ಲಿ ಹಳಗನ್ನಡ, ಸಂಸ್ಕೃತ, ವಚನಗಳ ಜೊತೆಗೆ ತರ್ಕವನ್ನೂ ಕಲಿಸಿದ ಗುರುಗಳು ಒಂದು ಮಾತನ್ನು ಮೇಲಿಂದ ಮೇಲೆ ಹೇಳುತ್ತಿದ್ದರು: ಪೂರ್ವಪಕ್ಷವನ್ನು ಎದುರಾಳಿಗಿಂತ ಚೆನ್ನಾಗಿ ಹೇಳಲು ಬಾರದವನಿಗೆ ಸಿದ್ಧಾಂತ ಹೇಳುವ ಅಧಿಕಾರವಿಲ್ಲ. ಮುಂದೆ ಮೂರು ದಶಕಗಳ ಕಾಲ ಕನ್ನಡ ಅಧ್ಯಾಪಕನಾಗಿ ದುಡಿದಾಗಲೂ ಈ ಮಾತು ನನ್ನ ಕೈಬಿಡಲಿಲ್ಲ. ಮನೆಯ ಪ್ರಶ್ನೆ ಬಂದಾಗಲೂ ಹಾಗೆಯೇ ಮಾಡಿದೆ. ನನ್ನ ಮನಸ್ಸು ‘ಇರಬೇಕು’ ಎಂಬ ಕಡೆಗಿತ್ತು. ಆದ್ದರಿಂದ ‘ಹೋಗಬೇಕು’ ಎಂಬುದನ್ನೇ ಪೂರ್ವಪಕ್ಷವಾಗಿಟ್ಟುಕೊಂಡು ಮೊದಲು ಅದರ ಬಲವನ್ನು ನೋಡಿದೆ.

ಅದರ ಬಲ ಸಣ್ಣದೇನೂ ಅಲ್ಲ. 2023ರ ಕಾರ್ತಿಕ ಮಾಸದ ಒಂದು ರಾತ್ರಿ ನನ್ನ ಧರ್ಮಪತ್ನಿಗೆ ಎದೆನೋವು ಕಾಣಿಸಿತು. ಓಣಿಯ ನೆರೆಯವರು ಕೂಗು ಕೇಳಿದ ಹತ್ತು ನಿಮಿಷದಲ್ಲಿ ತಮ್ಮ ಗಾಡಿ ತಂದು ನಿಲ್ಲಿಸಿದರು. ಆದರೆ ಅಲ್ಲಿಂದ ಸಿಂದಗಿಯ ಮೇಲೆ ವಿಜಯಪುರದ ದೊಡ್ಡ ಆಸ್ಪತ್ರೆಗೆ ಸುಮಾರು ಎಂಬತ್ತು ಕಿಲೋಮೀಟರಿನ ದಾರಿ. ಆ ಎರಡು ತಾಸಿನಲ್ಲಿ ನಾನು ಓದಿದ ಶಾಸ್ತ್ರವೊಂದೂ ನೆನಪಿಗೆ ಬರಲಿಲ್ಲ. ಇಷ್ಟಲಿಂಗವನ್ನು ಹಿಡಿದುಕೊಂಡು ರಸ್ತೆಯ ಮೈಲಿಗಲ್ಲುಗಳನ್ನು ಎಣಿಸುತ್ತ ಕುಳಿತಿದ್ದೆ. ಜೀವ ಉಳಿಯಿತು. ಉಳಿಸಿದ್ದು ಊರೇ, ಹತ್ತು ನಿಮಿಷದಲ್ಲಿ ಓಡಿಬಂದ ನೆರೆಯವರು. ಕಳೆಯಲಿದ್ದದ್ದೂ ಊರೇ, ಎರಡು ತಾಸಿನ ದಾರಿ. ಒಂದೇ ರಾತ್ರಿ ಎರಡೂ ಪಕ್ಷಗಳಿಗೆ ಸಾಕ್ಷಿ ನುಡಿದಿತ್ತು.

ಇನ್ನು ನಮ್ಮ ಮನೆ. ತಂದೆಯವರ ಕಾಲದ ಮಾಳಿಗೆಯ ಮನೆ. ಮೊಳಕ್ಕೂ ಮಿಕ್ಕಿದ ದಪ್ಪದ ಕಲ್ಲುಮಣ್ಣಿನ ಗೋಡೆ. ಹೊರಗೆ ನಲವತ್ತು ಡಿಗ್ರಿ ದಾಟುವ ವೈಶಾಖದ ಬಿಸಿಲಿದ್ದರೂ ನಡುಮನೆ ತಂಪು. ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲು ನೋಡಿಯೇ ಹೊತ್ತು ಹೇಳಬಹುದು. ನಾನು ಈ ಗುಣಗಳನ್ನೆಲ್ಲ ಬಂದವರಿಗೆ ವರ್ಣಿಸುತ್ತಿದ್ದೆ. ಆದರೆ ಆ ಮನೆಯ ಹೊಸ್ತಿಲುಗಳು ಎತ್ತರ, ಅಡುಗೆಮನೆಗೆ ಎರಡು ಮೆಟ್ಟಿಲು ಇಳಿಯಬೇಕು, ಶೌಚಾಲಯ ಹಿತ್ತಲ ಕೊನೆಯಲ್ಲಿದೆ, ನಳದ ನೀರು ಬರುವ ದಿನ ಯಾರಾದರೂ ತುಂಬಿಸಿ ಇಡಬೇಕು ಎಂಬುದು ನನ್ನ ವರ್ಣನೆಯಲ್ಲಿ ಬರುತ್ತಿರಲಿಲ್ಲ.

ಚಿಕಿತ್ಸೆಗಾಗಿ ನಾವಿಬ್ಬರೂ 2024ರ ಜನವರಿಯಿಂದ ಏಪ್ರಿಲ್ ತನಕ ಬೆಂಗಳೂರಿನ ವೈಟ್‌ಫೀಲ್ಡ್ ಭಾಗದಲ್ಲಿರುವ ಮಗನ ಮನೆಯಲ್ಲಿದ್ದೆವು. ಆ ಸ್ಥಳದ ಚರಿತ್ರೆ ಕುತೂಹಲದ್ದು. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ ಬೇಸಾಯದ ನೆಲೆಗಾಗಿ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಸಂಘದ ಮುಖಂಡರಾಗಿದ್ದ ವೈಟ್ ಎಂಬವರ ಹೆಸರು ಊರಿಗೆ ನಿಂತಿತು. ನೂರು ವರ್ಷ ಅದು ತೋಟದ ಮನೆಗಳ ಸಣ್ಣ ಹಳ್ಳಿ. 1990ರ ದಶಕದ ಕೊನೆಗೆ ಗಣಕತಂತ್ರದ ಕಂಪನಿಗಳು ಬಂದವು, ಅವುಗಳ ಬೆನ್ನಿಗೆ ಈ ಬಡಾವಣೆಗಳು ಬಂದವು. 2023ರಲ್ಲಿ ಮೆಟ್ರೋ ರೈಲೂ ಬಂತು. ಮಗನ ಮನೆಯಿಂದ ಹೃದ್ರೋಗದ ವೈದ್ಯರಿರುವ ಆಸ್ಪತ್ರೆ ಕಾಲು ತಾಸಿನ ದಾರಿ. ಮನೆಯೊಳಗೆ ಹೊಸ್ತಿಲಿಲ್ಲ, ಮೆಟ್ಟಿಲಿಲ್ಲ. ಬೆಳಗ್ಗೆ ಗಿಡಗಳ ನೆರಳಲ್ಲಿ ನಡೆದಾಡಲು ದಾರಿಯಿದೆ, ಅಲ್ಲಿ ಗಾಡಿಗಳ ಭಯವಿಲ್ಲ. ಮೊಮ್ಮಗಳು ಶಾಲೆಯಿಂದ ಬಂದು ‘ಅಜ್ಜಾ’ ಎಂದು ತೊಡೆಯೇರುತ್ತಾಳೆ. ಇದಕ್ಕಿಂತ ದೊಡ್ಡ ಪೂರ್ವಪಕ್ಷ ಯಾವುದು?

ಈಗ ಉತ್ತರಪಕ್ಷ. ಅದೇ ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೆ ನೀರಿನ ಬರ ಬಂತು. ಕುಡಿಯುವ ನೀರಿನಿಂದ ವಾಹನ ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಮಗನ ಬಡಾವಣೆಯ ಕೊಳವೆಬಾವಿಗಳು ಬತ್ತಿ, ಟ್ಯಾಂಕರುಗಳು ಸಾಲುಗಟ್ಟಿದವು. ಕೋಟಿ ರೂಪಾಯಿಯ ಮನೆಯಲ್ಲಿ ಬಕೀಟು ಎಣಿಸಿ ಸ್ನಾನ ಮಾಡುವಾಗ ನನಗೆ ನಮ್ಮೂರ ನಳದ ದಿನ ನೆನಪಾಯಿತು. ಮುಂದೆ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆ ಅದರ ನೀರು. ಆದರೂ ಸುಮಾರು ನೂರು ಕಿಲೋಮೀಟರು ದೂರದ ಹೊಳೆಯನ್ನು ಯಂತ್ರಗಳಿಂದ ಮೇಲೆತ್ತಿ ಕುಡಿಯುವ ಊರು ಎಂಬುದನ್ನು ಅಲ್ಲಿ ಮನೆ ಮಾಡುವವರು ಮರೆಯಬಾರದು.

ನೀರಿಲ್ಲದ ಕಷ್ಟ ಒಂದಾದರೆ ನೀರು ಹೆಚ್ಚಾದ ಕಷ್ಟ ಇನ್ನೊಂದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಸಿರಿವಂತ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಎಲ್ಲರೂ ನೋಡಿದ್ದೇವೆ. ಕೆರೆಯಿಂದ ಕೆರೆಗೆ ನೀರೊಯ್ಯುವ ರಾಜಕಾಲುವೆಗಳನ್ನು ಒತ್ತಿ ಕಟ್ಟಿದ ಮೇಲೆ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಮನೆಯೊಳಗೇ ಬಂತು. ಆಗ ಅಲ್ಲಿಯ ಜನರನ್ನು ಹೊರಗೆ ತಂದದ್ದು ದೋಣಿಗಳು ಮತ್ತು ಟ್ರ್ಯಾಕ್ಟರುಗಳು. ಕಬ್ಬು ಹೇರುವ ಟ್ರ್ಯಾಕ್ಟರನ್ನು ದಿನವೂ ನೋಡುವ ನಮಗೆ ಅದು ವಿಚಿತ್ರವಾದ ದೃಶ್ಯವಾಗಿತ್ತು.

ಹಣದ ಲೆಕ್ಕವೂ ಇದೆ. ಮಗ ಇಪ್ಪತ್ತು ವರ್ಷದ ಸಾಲದ ಮೇಲೆ ಮನೆ ಕೊಂಡವನು. ಕಂತಿನ ಮೇಲೆ ಬಡಾವಣೆಯ ನಿರ್ವಹಣೆಗೆಂದು ತಿಂಗಳಿಗೆ ಹನ್ನೆರಡು ಸಾವಿರ. ಆಲಮೇಲದಲ್ಲಿ ನಾವಿಬ್ಬರು ಅಷ್ಟರಲ್ಲಿ ತಿಂಗಳ ಸಂಸಾರವನ್ನೇ ತೂಗಿಸುತ್ತೇವೆ. ಮೊಮ್ಮಗಳ ಬಾಯಲ್ಲಿ ಕನ್ನಡ ಅರ್ಧವಾಗಿದೆ. ಇದೆಲ್ಲಕ್ಕಿಂತ ನನ್ನನ್ನು ಕಲಕಿದ್ದು ಒಂದು ಮುಂಜಾನೆಯ ಪ್ರಸಂಗ. ಎರಡು ಮನೆ ಆಚೆಗಿನ ಹಿರಿಯರೊಬ್ಬರು ತೀರಿಕೊಂಡದ್ದು ನಮಗೆ ತಿಳಿದದ್ದು ಶವವಾಹನ ಹೋದ ಮೇಲೆ, ಬಾಗಿಲ ಕಾವಲುಗಾರನಿಂದ. ನಮ್ಮಲ್ಲಿ ಒಂದು ಮನೆಯ ಸಾವಿಗೆ ಓಣಿಯೆಲ್ಲ ಒಲೆ ಹಚ್ಚುವುದಿಲ್ಲ.

ಹೊಸ ಬಡಾವಣೆಗಳ ಆಯುಷ್ಯ ಎಷ್ಟು ಎಂದು ಯೋಚಿಸುವಾಗ ನನಗೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ನೆನಪಾಗುತ್ತದೆ. ಎರಡನೆಯ ಇಬ್ರಾಹಿಂ ಆದಿಲಶಹನು 1599ರಲ್ಲಿ ಬಿಜಾಪುರದ ಪಶ್ಚಿಮಕ್ಕೆ, ತೊರವಿಯ ಬಳಿ, ನವರಸಪುರವೆಂಬ ಹೊಸ ನಗರವನ್ನು ಕಟ್ಟಲು ತೊಡಗಿದ. ಅರಮನೆಗಳೆದ್ದವು; ಸರದಾರರೂ ವರ್ತಕರೂ ಅಲ್ಲಿ ಮನೆ ಮಾಡಿದರು. 1624ರಲ್ಲಿ ಮಲಿಕ್ ಅಂಬರನ ಸೇನೆ ಬಂದಾಗ ಆ ನಗರ ತನ್ನನ್ನು ಕಾಯ್ದುಕೊಳ್ಳಲಾರದೆ ಸುಲಿಗೆಯಾಯಿತು. ಇಪ್ಪತ್ತೈದು ವರ್ಷದ ವೈಭವ. ಈಗ ಅಲ್ಲಿ ಸಂಗೀತ ಮಹಲಿನ ಅವಶೇಷವನ್ನು ನೋಡಬಹುದು. ಹಳೆಯ ಬಿಜಾಪುರ ಮಾತ್ರ ಇಂದಿಗೂ ಜನವಸತಿಯಿಂದ ತುಂಬಿದೆ.

ಇಷ್ಟು ಬರೆದು ‘ಇರಬೇಕು’ ಎಂದು ಸಿದ್ಧಾಂತ ಮಾಡಬಹುದಿತ್ತು. ಆದರೆ ಊರನ್ನೂ ನಿಷ್ಪಕ್ಷಪಾತವಾಗಿ ನೋಡಬೇಕಷ್ಟೆ. ಆಲಮೇಲ ಈಗ ತಾಲೂಕು ಕೇಂದ್ರ. ಅಂಗಡಿ, ವಾಹನ, ಗದ್ದಲ ಎಲ್ಲವೂ ಹೆಚ್ಚಿವೆ. ಆದರೆ ನಮ್ಮ ಓಣಿಯ ಕಟ್ಟೆಯಲ್ಲಿ ಮುಂಚೆ ಹನ್ನೆರಡು ಮಂದಿ ಕೂಡುತ್ತಿದ್ದಲ್ಲಿ ಈಗ ಮೂವರು. ಎಳ್ಳಮಾಸೆಗೆ ಹೊಲದಲ್ಲಿ ಚರಗ ಚೆಲ್ಲಲು ಹೋದರೆ ಬುತ್ತಿಗಂಟು ಹೆಚ್ಚು, ಉಣ್ಣುವವರು ಕಡಿಮೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತಾಗ ಊರು ಬಿಟ್ಟವರಲ್ಲಿ ಕೆಲವರು ತಿರುಗಿ ಬರಲೇ ಇಲ್ಲ. ನಾನು ಪ್ರೀತಿಸುತ್ತಿದ್ದ ಊರು ಅರ್ಧ ನೆನಪಿನಲ್ಲಿ ಮಾತ್ರ ಇದೆ ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು.

ಅಲ್ಲದೆ ನಮ್ಮ ಶರಣರಾರೂ ಹುಟ್ಟಿದ ಮನೆಯ ಮೂಲೆಯಲ್ಲಿ ಕುಳಿತವರಲ್ಲ. ಬಸವಣ್ಣನವರು ಬಾಗೇವಾಡಿಯಿಂದ ಕೂಡಲಸಂಗಮಕ್ಕೆ, ಅಲ್ಲಿಂದ ಮಂಗಳವಾಡಕ್ಕೆ, ಅಲ್ಲಿಂದ ಕಲ್ಯಾಣಕ್ಕೆ ನಡೆದರು. ಕೊನೆಗೆ ಮತ್ತೆ ಸಂಗಮಕ್ಕೆ ಬಂದರು. ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಸಿದ್ಧರಾಮರು ಸೊನ್ನಲಿಗೆಯವರು. ಅಕ್ಕ ಉಡುತಡಿ ಬಿಟ್ಟು ಕಲ್ಯಾಣಕ್ಕೆ, ಮುಂದೆ ಶ್ರೀಶೈಲಕ್ಕೆ ಹೋದಳು. ನಮ್ಮ ವಿಜಯಪುರದ ಫ. ಗು. ಹಳಕಟ್ಟಿಯವರು ವಚನಗಳ ಅಚ್ಚಿಗಾಗಿ ತಮ್ಮ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. 2023ರ ಜನವರಿ 2ರಂದು ಲಿಂಗೈಕ್ಯರಾದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಅಂಗಿಗೆ ಜೇಬೇ ಇರಲಿಲ್ಲ. ತಮ್ಮ ನಂತರ ಸ್ಮಾರಕ ಕಟ್ಟಬಾರದೆಂದು ಮೊದಲೇ ಬರೆದಿಟ್ಟಿದ್ದರು. ಇಂಥವರ ಜಿಲ್ಲೆಯಲ್ಲಿ ಹುಟ್ಟಿ, ಒಂದು ಮಾಳಿಗೆಯ ಮನೆಗಾಗಿ ಇಷ್ಟು ವಾದ ಹೂಡುವುದು ನನಗೆ ಭೂಷಣವೇ?

ಶರಣರು ಊರು ಬಿಟ್ಟದ್ದು ಸುಖಕ್ಕಲ್ಲ, ಸಂಗಕ್ಕೆ ಎಂದು ಮನಸ್ಸು ತಕರಾರು ತೆಗೆಯಿತು. ಬೆಸ್ತ, ಮಾದರ, ಅಕ್ಕಿ ಆಯುವವ, ಅರಸನ ಮಂತ್ರಿ ಎಲ್ಲರೂ ಒಂದೇ ಹಾಸಿನ ಮೇಲೆ ಕೂಡುವ ಸಂಗ ಅಲ್ಲಿತ್ತು. ಆ ಕಾವಲಿನ ಬಡಾವಣೆಯಲ್ಲಿ ಅಂಥ ಸಂಗ ಎಲ್ಲಿಂದ ಬರಬೇಕು? ಈ ತಕರಾರಿಗೆ ಉತ್ತರ ನಾನಿದ್ದ ಮನೆಯೊಳಗೇ ದಿನವೂ ಓಡಾಡುತ್ತಿತ್ತು. ನನಗೆ ಕಂಡಿರಲಿಲ್ಲ.

ಮಗನ ಮನೆಗೆ ಪಾತ್ರೆ, ಕಸ ಮಾಡಲು ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಮೂರು ವಾರ ಕಳೆದ ಮೇಲೆ ಒಂದು ದಿನ ನಾನು ಹೆಂಡತಿಯೊಡನೆ ಮಾತಾಡುವುದನ್ನು ಕೇಳಿ ಆಕೆಯೇ ಕೇಳಿದಳು: “ಯಜ್ಜಾರ, ನೀವು ಯಾ ಊರವ್ರ್ರಿ? ನಿಮ್ಮ ಮಾತು ನಮ್ಮ ಕಡೀದು ಐತ್ರಿ.” ಆಕೆ ಭೀಮೆಯ ದಂಡೆಯವಳು, ಆಲಮೇಲದ ಸಂತೆಗೆ ಬಂದು ಹೋದವಳು. 2020ರ ಪ್ರವಾಹದಲ್ಲಿ ಮನೆಯ ಗೋಡೆ ಬಿದ್ದ ಮೇಲೆ ಗಂಡಹೆಂಡಿರು ಬೆಂಗಳೂರಿಗೆ ಬಂದು, ಆ ಬಡಾವಣೆಯ ಗೋಡೆಗೆ ಹೊಂದಿಕೊಂಡ ಬಯಲಿನಲ್ಲಿ ತಗಡಿನ ಶೆಡ್ಡಿನಲ್ಲಿದ್ದರು. ಆತ ಗಾರೆ ಕೆಲಸ, ಈಕೆ ಮನೆಗೆಲಸ. ಆ ಶೆಡ್ಡುಗಳಲ್ಲಿ ಇರುವವರೆಲ್ಲ ಯಾದಗಿರಿ, ಕಲಬುರಗಿ, ನಮ್ಮ ಸಿಂದಗಿ ಕಡೆಯ ಜನ. ಕಟ್ಟೆಯಿಂದ ಕಾಣೆಯಾದ ನಮ್ಮೂರು ಅಲ್ಲಿ ಗೋಡೆಯಾಚೆ ಇತ್ತು. ಊರೂರು ತಿರುಗಿ ಶರಣರ ಸಮತೆಯ ಮೇಲೆ ಉಪನ್ಯಾಸ ಕೊಟ್ಟ ನಾನು, ಮೂರು ವಾರ ಒಂದೇ ಸೂರಿನಡಿ ಇದ್ದ ಹೆಣ್ಣುಮಗಳ ಊರನ್ನು ಕೇಳಿರಲಿಲ್ಲ. ಆ ಬಡಾವಣೆಯಲ್ಲಿ ಒಂದು ಫಲಕವಿದೆ: ಮನೆಗೆಲಸದವರು ಹಿಂಬಾಗಿಲಿನಿಂದಲೇ ಬರಬೇಕು, ಉದ್ಯಾನದ ಆಸನಗಳಲ್ಲಿ ಕೂಡಬಾರದು. ದಿನವೂ ಅದರ ಮುಂದೆ ನಡೆದಿದ್ದೆ, ಓದಿರಲಿಲ್ಲ. ಆ ದಿನ ಓದಿದೆ.

ಆಲಮೇಲಕ್ಕೆ ಮರಳಿದ ಮೇಲೂ ಮಗನ ಕರೆ ನಿಲ್ಲಲಿಲ್ಲ. ಕಲಬುರಗಿಯಲ್ಲಿಯೂ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ, ವಿಜಯಪುರದಲ್ಲಿ ಬಾಡಿಗೆ ಮನೆ ಮಾಡಬಹುದು, ಹೀಗೆ ನಡುವಿನ ದಾರಿಗಳನ್ನೂ ನೋಡಿದೆ. ಆದರೆ ಅಲ್ಲಿ ಆಸ್ಪತ್ರೆ ಹತ್ತಿರವಾದರೂ ಮಕ್ಕಳೂ ಇಲ್ಲ, ಓಣಿಯೂ ಇಲ್ಲ. ಒಂದು ಸಂಜೆ ಎಲ್ಲವನ್ನೂ ಎರಡು ಅಂಕಣ ಮಾಡಿ ಬರೆದು, ಗುಣಗಳು ಹನ್ನೊಂದು, ದೋಷಗಳು ಹದಿಮೂರು ಎಂದು ಎಣಿಸಿ, ಇಲ್ಲಿಯೇ ಇರುವುದು ಲೇಸೆಂದು ನಮ್ಮ ಮನೆಯವರಿಗೆ ಓದಿ ಹೇಳಿದೆ. ಅವರು ಸೊಪ್ಪು ಸೋಸುತ್ತ ಕುಳಿತಿದ್ದರು. ಪೂರ್ತಿ ಕೇಳಿ ಅಂದರು:

“ನಿಮ್ಮ ಲೆಕ್ಕ ಎಲ್ಲಾ ಖರೇ ಅದರಿ. ಆದ್ರ ಅದ್ರಾಗ ನಾ ಎಲ್ಲಿದ್ದೀನಿ?”

ನಾನು ಸುಮ್ಮನಾದೆ. ಅವರು ಮುಂದುವರಿಸಿದರು: “ಪಡಸಾಲ್ಯಾಗ ಸತ್ಸಂಗ ನಡೀತದ ಅಂತ ಬರ್ದೀರಿ. ನಲವತ್ತು ವರ್ಷ ಆ ಸತ್ಸಂಗಕ್ಕ ಚಾ ಕಾಸಿದಾಕಿ ನಾನು. ಅಲ್ಲಿ ಏನ್ ಮಾತಾತು ಅಂತ ಅಡಗಿಮನಿ ಗ್ವಾಡೀನ ಕೇಳಬೇಕು. ಬೆಂಗಳೂರಾಗ ಸಂಜೀಕ ಐದಾರು ಮಂದಿ ಮುದುಕೇರು ಕೂಡಿ ಕುಂದರ್ತಿದ್ವಿ. ಒಬ್ಬಾಕಿ ತಮಿಳು, ಒಬ್ಬಾಕಿ ಪಂಜಾಬಿ. ಭಾಷಾ ಬರಂಗಿಲ್ಲ. ಆದ್ರ ಮೊಣಕಾಲ ನೋವು ಎಲ್ಲಾರಿಗೂ ಒಂದ ಭಾಷಾದಾಗ ತಿಳೀತದ. ಆ ಹುಡುಗಿ ದಿನಾ ನನ್ನ ತಲೀಗೆ ಎಣ್ಣಿ ಹಚ್ಚಿ ಹೋಗ್ತಿದ್ಲು, ನಾ ಆಕೀಗಿ ರೊಟ್ಟಿ ಕಟ್ಟಿ ಕೊಡ್ತಿದ್ದೆ. ಆ ರಾತ್ರಿ ಗಾಡ್ಯಾಗ ನೀವು ಕಲ್ಲು ಎಣಿಸಿದ್ರಿ. ನಾ ಉಸುರು ಎಣಿಸಿದ್ನಿ. ನನಗ ಹೋಗಬೇಕು ಅನಸ್ತದರಿ.”

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ತಿದ್ದಿದ ಕಥೆಯನ್ನು ನಾನು ನೂರು ಸಭೆಗಳಲ್ಲಿ ಹೇಳಿದ್ದೇನೆ. ಲಕ್ಕಮ್ಮ ಸೊಪ್ಪು ಸೋಸುತ್ತ ನಮ್ಮ ನಡುಮನೆಯಲ್ಲಿಯೂ ಕುಳಿತಿರಬಹುದೆಂದು ನನಗೆ ಹೊಳೆದಿರಲಿಲ್ಲ. ಹದಿಮೂರು ದೋಷಗಳಲ್ಲಿ ಎಂಟು ನನ್ನ ಅಭ್ಯಾಸಕ್ಕೆ ಸಂಬಂಧಿಸಿದವು. ಅವರ ಎದೆಗೆ, ಅವರ ಮೊಣಕಾಲಿಗೆ ಸಂಬಂಧಿಸಿದವಲ್ಲ. ಗುರುಗಳು ಹೇಳಿದಂತೆ ನಾನು ಪೂರ್ವಪಕ್ಷವನ್ನು ಹೇಳಿದ್ದೆ ನಿಜ. ಆ ಪಕ್ಷದವರನ್ನು ಮಾತ್ರ ಕೇಳಿರಲಿಲ್ಲ.

ಹೀಗೆ ನಾವು ಹೊರಟಿದ್ದೇವೆ. ಮನೆ ಮಾರುವುದಿಲ್ಲ, ಮಾರಿದರೆ ಮರಳುವ ದಾರಿ ಮುಚ್ಚುತ್ತದೆ. ಬೀಗದ ಕೈ ಆ ರಾತ್ರಿ ಗಾಡಿ ತಂದ ನೆರೆಯವರ ಮನೆಯಲ್ಲಿರುತ್ತದೆ. ಪಡಸಾಲೆಯಲ್ಲಿ ಸಂಜೆ ಓಣಿಯ ಮಕ್ಕಳು ಓದಿಕೊಳ್ಳಲೆಂದು ದೀಪ, ಚಾಪೆ, ನನ್ನ ಪುಸ್ತಕದ ಕಪಾಟು ಬಿಟ್ಟಿದ್ದೇನೆ. ಹೊಲವನ್ನು ಪಾಲಿಗೆ ಕೊಟ್ಟಿದ್ದೇವೆ. ಶ್ರಾವಣವೊಂದು ತಿಂಗಳು ಮತ್ತು ಎಳ್ಳಮಾಸೆಗೆ ಊರಿಗೆ ಬರುವುದೆಂದು ನಿಶ್ಚಯ. ಮಗನ ಮುಂದೆ ಒಂದೇ ನಿಯಮ ಇಟ್ಟೆ: ಅವನ ಮನೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ ಬೇರೆ ಲೋಟ, ಬೇರೆ ತಟ್ಟೆ ಇರಬಾರದು, ಉಣ್ಣುವ ಹೊತ್ತಿಗೆ ಇದ್ದರೆ ನಮ್ಮ ಪಂಕ್ತಿಯಲ್ಲಿಯೇ ಉಣ್ಣಬೇಕು. ಮಗ ಅಂದ: “ಮನೆಯೊಳಗಿನದು ನನ್ನ ಕೈಯಲ್ಲಿದೆ ಅಪ್ಪಾಜಿ, ನಡೆಸುತ್ತೇನೆ. ಆ ಫಲಕ ಬಡಾವಣೆಯ ಸಂಘದ್ದು.” ಸಂಘಕ್ಕೆ ನಾನೇ ಪತ್ರ ಬರೆದಿದ್ದೇನೆ, ಕನ್ನಡದಲ್ಲಿ. ಇಂಗ್ಲಿಷಿಗೆ ತಿರುಗಿಸುವ ಕೆಲಸ ಮೊಮ್ಮಗಳದು. ಒಂದೊಂದು ಶಬ್ದದ ಅರ್ಥ ಕೇಳಲು ಆಕೆ ದಿನವೂ ದೂರವಾಣಿ ಮಾಡುತ್ತಿದ್ದಾಳೆ; ಅವಳ ಕನ್ನಡ ಪಾಠ ಹೀಗೆ ಆರಂಭವಾಗಿದೆ. ಸಂಘದವರು ಫಲಕ ತೆಗೆಯುತ್ತಾರೋ ಇಲ್ಲವೋ ನಾನು ಹೇಳಲಾರೆ. ತೆಗೆಯುವ ತನಕ ಆ ಆಸನದಲ್ಲಿ ನಾನೂ ಕೂಡುವುದಿಲ್ಲ.

ಇದೇ ಪ್ರಶ್ನೆಯ ಮುಂದಿರುವ ಕುಟುಂಬಗಳಿಗೆ ನನ್ನ ಬಿನ್ನಹ ಇಷ್ಟೇ. ಹೋಗುವ ಮುಂಚೆ ಅಲ್ಲಿಯ ನೀರು ಎಲ್ಲಿಂದ ಬರುತ್ತದೆ, ಮಳೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಿ. ಆಸ್ಪತ್ರೆಯ ದಾರಿಯನ್ನು ಕಿಲೋಮೀಟರಿನಲ್ಲಿ ಅಲ್ಲ, ನಿಮಿಷಗಳಲ್ಲಿ ಅಳೆಯಿರಿ. ಮಕ್ಕಳ ಸಾಲದ ಕಂತು ಎಷ್ಟೆಂದು ತಿಳಿದುಕೊಳ್ಳಿರಿ. ಅವರ ಮೇಲೆ ಭಾರವಾಗುವುದಾದರೆ ನಿಮ್ಮ ಪಿಂಚಣಿಯಲ್ಲಿ ಪಾಲು ಕೊಡಿರಿ. ಮೂರು ತಿಂಗಳು ಇದ್ದು ನೋಡದೆ ಊರ ಮನೆಯನ್ನು ಮಾರಬೇಡಿರಿ. ಎಲ್ಲಕ್ಕಿಂತ ಮೊದಲು, ನಿಮ್ಮ ಮನೆಯ ಒಲೆಯ ಮುಂದೆ ನಿಂತವರ ಅಭಿಪ್ರಾಯವನ್ನು ಕೇಳಿ ಆಮೇಲೆ ಕಾಗದ ಹಿಡಿಯಿರಿ.

ನಾಳೆ ವಿಜಯಪುರದಿಂದ ರೈಲು. ಮಠಕ್ಕೆ ಒಯ್ದಿದ್ದ ಆ ತಗಡಿನ ಪೆಟ್ಟಿಗೆಯನ್ನೇ ಹೊರತೆಗೆದಿದ್ದೇನೆ. ಒಂದು ಬದಿಗೆ ನನ್ನ ಪುಸ್ತಕ. ಉಳಿದ ಜಾಗದಲ್ಲಿ ಅವರು ಶೇಂಗಾ ಹಿಂಡಿ, ಕಡಕ್ ರೊಟ್ಟಿ ತುಂಬುತ್ತಿದ್ದಾರೆ. ಅಷ್ಟೊಂದು ಯಾರಿಗೆ ಎಂದು ಕೇಳಿದೆ. ಗೋಡೆಯಾಚೆಯ ಶೆಡ್ಡಿನವರಿಗಂತೆ.